ಸೊನ್ನೆ ಬಂದವಳು

ಅಮೆರಿಕದ ಶೋರ್‌ಲೈನ್‌ನ ಕ್ಲಿನಿಕ್ಕಿನಿಂದ ಮನೆಗೆ ಬಂದ ವಸಂತಲಕ್ಷ್ಮಿ ಕೋಟು ಕೂಡ ಬಿಚ್ಚದೆ ಕಂಪ್ಯೂಟರಿನ ಮುಂದೆ ಕುಳಿತಳು. ಡಾಕ್ಟರು ರೋಗಿಗಳ ಬಗ್ಗೆ ಬರೆದದ್ದನ್ನು ಅವತ್ತೇ ಆನ್‌ಲೈನಿನಲ್ಲಿ ಓದಬಹುದಿತ್ತು. ಅವಳ ಬಗ್ಗೆ ನಾಲ್ಕೇ ಸಾಲು ಇತ್ತು. ನಲವತ್ತೆಂಟು ವರ್ಷದ ಮಹಿಳೆ, ತೆಳು ಮೈಕಟ್ಟು, ಧೂಮಪಾನವಿಲ್ಲ, ಎದೆನೋವನ್ನು ನಿರಾಕರಿಸುತ್ತಾರೆ.

“ನಿರಾಕರಿಸ್ತಾರಂತೆ ರೀ!” ಎಂದು ಅವಳು ಅಡುಗೆಮನೆಯಲ್ಲಿದ್ದ ಗಂಡನಿಗೆ ಕೇಳುವ ಹಾಗೆ ಕೂಗಿದಳು. “ನಾನೇನು ಕೋರ್ಟಲ್ಲಿ ನಿಂತಿದ್ನಾ, ನಿರಾಕರಿಸೋಕೆ?”

ಕೋಡುಬಳೆ ಡಬ್ಬಿ ಹಿಡಿದುಕೊಂಡೇ ಲಕ್ಷ್ಮೀಕಾಂತ ಬಾಗಿಲಿಗೆ ಬಂದ. “ನೀನು ಏನಂದೆ ಅವರಿಗೆ?”

“ಗುಡ್ಡ ಹತ್ತುವಾಗ ಎದೆ ಒಳಗೆ ಒದ್ದೆ ಬಟ್ಟೆ ಹಿಂಡಿದ ಹಾಗಾಗತ್ತೆ, ದವಡೆ ಜೋಮು ಹಿಡಿಯತ್ತೆ ಅಂದೆ. ‘ನೋವಾ?’ ಅಂತ ಕೇಳಿದ್ರು. ನೋವಲ್ಲ, ಹಿಂಡಿದ ಹಾಗೆ ಅಂದೆ. ಹಿಂಡಿದ್ದನ್ನು ಬಿಟ್ಟು ನೋವಲ್ಲ ಅನ್ನೋದನ್ನ ಮಾತ್ರ ಬರ್ಕೊಂಡಿದಾರೆ.”

“ಸುಮ್ನೆ ನೋವು ಅಂದುಬಿಟ್ಟಿದ್ರೆ ಆಗ್ತಿತ್ತಲ್ಲ.”

“ನೋವಲ್ಲದ್ದನ್ನ ನೋವು ಅಂತ ಯಾಕನ್ಲಿ?”

ಅವಳ ಸ್ವಭಾವವೇ ಹಾಗೆ. ಸರಕು ಸಾಗಿಸುವ ಲಾರಿಗಳಿಗೆ ದಾರಿ ತೋರಿಸುವ ಸಾಫ್ಟ್‌ವೇರ್ ತಯಾರಿಸುತ್ತಿದ್ದ ಹತ್ತಿರದ ಫ್ರೀಮಾಂಟ್ ಬಡಾವಣೆಯ ಒಂದು ಕಂಪನಿಯಲ್ಲಿ ಅವಳು ಟೆಸ್ಟಿಂಗ್ ತಂಡದ ಮುಖ್ಯಸ್ಥೆ. ತಪ್ಪು ಎಲ್ಲಿದೆ, ಹೇಗೆ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಸರಿಯಾದ ಪದಗಳಲ್ಲಿ ಹೇಳುವುದು ಅವಳ ಕೆಲಸ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಡ್ರಾಯಿಂಗ್ ಮೇಷ್ಟ್ರ ಮಗಳಾಗಿ ಬೆಳೆದವಳು. ಗೆರೆ ಒಂದು ಕೂದಲಿನಷ್ಟು ವಾಲಿದರೂ ಅಪ್ಪ ರಬ್ಬರ್ ಕೈಗೆ ಕೊಡುತ್ತಿದ್ದರು. ಆ ಅಪ್ಪ ಐವತ್ತೆರಡಕ್ಕೆ, ಒಂದು ಮದುವೆ ಊಟ ಮುಗಿಸಿ ಬಂದು, ಶರ್ಟಿನ ಗುಂಡಿ ಬಿಚ್ಚುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು.

ಶೋರ್‌ಲೈನ್‌ನ ಕನ್ನಡದವರ ನಡುವೆ ವಸಂತಲಕ್ಷ್ಮಿ ಎಂದರೆ ನಡಿಗೆ. ಶನಿವಾರ ಬೆಳಿಗ್ಗೆ ಇಂಟರ್‌ಅರ್ಬನ್ ಎಂಬ ಕಾಲುದಾರಿಯಲ್ಲಿ ಲಿನ್‌ವುಡ್ ಕಡೆಗೆ ಹೊರಟಳೆಂದರೆ ಜಡಿಮಳೆ ಬಂದರೂ ಹಿಂದಿರುಗುತ್ತಿರಲಿಲ್ಲ. ಅವಳ ಜೊತೆ ಒಂದು ಸಲ ಹೋದವರು ಮುಂದಿನ ವಾರ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಅಂಥವಳಿಗೆ ಎರಡು ಸಾವಿರದ ಹದಿನೈದರ ಚಳಿಗಾಲದ ಮೊದಲಲ್ಲಿ ಆಫೀಸಿನಿಂದ ಅರೋರಾ ರಸ್ತೆಯ ಬಸ್ ಸ್ಟಾಪಿಗೆ ಏರುವ ದಿಬ್ಬ ಭಾರವಾಗತೊಡಗಿತು. ಕಾಲುವೆ ಕಡೆಯಿಂದ ತಣ್ಣನೆ ಗಾಳಿ ಬೀಸುವ ಸಂಜೆಗಳಲ್ಲಿ ಅರ್ಧಕ್ಕೆ ನಿಲ್ಲಬೇಕಾಗುತ್ತಿತ್ತು. ನಿಂತರೆ ಹೋಗುತ್ತಿತ್ತು, ಹೊರಟರೆ ಮತ್ತೆ ಬರುತ್ತಿತ್ತು.

ಆ ನಾಲ್ಕು ಸಾಲು ಬರೆದ ಫ್ಯಾಮಿಲಿ ಡಾಕ್ಟರು ಒಳ್ಳೆಯ ಮನುಷ್ಯ. ಇಸಿಜಿ ತೆಗೆಸಿದರು, ಏನೂ ಇರಲಿಲ್ಲ. ಎರಡನೇ ಸಲ ಹೋದಾಗ ತಮ್ಮ ಸ್ಕ್ರೀನನ್ನು ಅವಳ ಕಡೆ ತಿರುಗಿಸಿ ಲೆಕ್ಕ ತೋರಿಸಿದರು. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಆಗುವ ಸಂಭವ ಎಷ್ಟು ಎಂದು ಹೇಳುವ ಲೆಕ್ಕ ಅದು. ವಯಸ್ಸು, ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ, ಸಿಗರೇಟು ಎಲ್ಲ ಕೇಳಿತು. ಜನಾಂಗ ಕೇಳಿತು. ಬಿಳಿಯರು, ಆಫ್ರಿಕನ್ ಅಮೆರಿಕನ್ನರು, ಇತರರು. ಡಾಕ್ಟರು ‘ಇತರರು’ ಒತ್ತಿದರು.

“ನಮ್ಮಪ್ಪ ಐವತ್ತೆರಡಕ್ಕೆ ಹಾರ್ಟಲ್ಲೇ ತೀರಿಕೊಂಡರು. ಅದನ್ನೂ ಹಾಕಿ,” ಎಂದಳು.

“ಅದಕ್ಕೆ ಇದರಲ್ಲಿ ಜಾಗ ಇಲ್ಲ,” ಎಂದರು ಡಾಕ್ಟರು.

“ನಮ್ಮಪ್ಪನಿಗೆ ಜಾಗ ಇಲ್ವಾ?”

ಡಾಕ್ಟರು ನಕ್ಕರು. ನೂರಕ್ಕೆ ಒಂದು ಕೂಡ ಇಲ್ಲ, ನನ್ನ ಲೆಕ್ಕವೇ ನಿಮ್ಮದಕ್ಕಿಂತ ಎಷ್ಟೋ ಜಾಸ್ತಿ, ನಿಮ್ಮನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ ಎಂದರು. ಹುಳಿತೇಗಿನ ಮಾತ್ರೆ ಬರೆದುಕೊಟ್ಟರು. ಅದನ್ನು ಅವಳು ಬಿಡದೆ ನುಂಗಿದಳು. ದಿಬ್ಬ ಹಾಗೇ ಇತ್ತು. ಮೂರನೇ ಸಲ ಹೋದಾಗ, ಮುಟ್ಟು ನಿಲ್ಲುವ ವಯಸ್ಸು, ಆಫೀಸಿನ ಒತ್ತಡ, ಮಗಳು ಕಾಲೇಜಿಗೆಂದು ಬೆಲ್ಲಿಂಗ್‌ಹ್ಯಾಮ್‌ಗೆ ಹೋಗಿರುವುದು, ಎಲ್ಲ ಸೇರಿ ಆತಂಕ ಆಗಿರಬಹುದು ಎಂದರು. ಉಸಿರಾಟದ ಅಭ್ಯಾಸ ಹೇಳಿಕೊಟ್ಟರು.

“ನಮ್ಮಲ್ಲಿ ಒಂದು ತಪ್ಪು ತಮ್ಮ ಮಷೀನಲ್ಲಿ ಕಾಣಲಿಲ್ಲ ಅಂದ್ರೆ ಪ್ರೋಗ್ರಾಮರ್‌ಗಳು ತಪ್ಪೇ ಇಲ್ಲ ಅಂತ ಅದನ್ನ ಕ್ಲೋಸ್ ಮಾಡಿಬಿಡ್ತಾರೆ,” ಎಂದಳು ಅವತ್ತು ಗಂಡನಿಗೆ. “ಹಾಗೆ ನನ್ನನ್ನೇ ಕ್ಲೋಸ್ ಮಾಡಿದಾರೆ.”

ಸ್ಕ್ಯಾನ್ ಮಾಡಿಸುವ ಯೋಚನೆ ಅವಳದೇ. ಫೆಬ್ರವರಿ ಅಲ್ಲಿ ಹೃದಯದ ತಿಂಗಳು. ಲಿನ್‌ವುಡ್‌ನ ಒಂದು ಸ್ಕ್ಯಾನಿಂಗ್ ಕೇಂದ್ರ, ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಎಷ್ಟು ಕಟ್ಟಿದೆ ಎಂದು ಸಿ.ಟಿ. ಯಂತ್ರದಲ್ಲಿ ನೋಡಿ ಒಂದು ನಂಬರ್ ಕೊಡುತ್ತಿತ್ತು. ಡಾಕ್ಟರ ಚೀಟಿ ಬೇಕಿರಲಿಲ್ಲ. ಜೊತೆಗೆ ಬರುವವರಿಗೂ ಒಟ್ಟಿಗೇ ಮಾಡುತ್ತಿದ್ದರು.

“ಹೇಗೂ ಡ್ರೈವ್ ಮಾಡ್ಕೊಂಡು ಬರ್ತೀನಲ್ಲ, ನಂದೂ ಒಂದು ಆಗೋಗ್ಲಿ,” ಎಂದ ಲಕ್ಷ್ಮೀಕಾಂತ. ಅವನಿಗೆ ಐವತ್ತಾರು. ಡೌನ್‌ಟೌನಿನ ಬ್ಯಾಂಕೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ. ಕುರ್ಚಿ ಬಿಟ್ಟು ಎದ್ದರೆ ಅದೇ ಅವನ ವ್ಯಾಯಾಮ. ತನಗೆ ಏನೂ ಆಗಿಲ್ಲ, ಆಗುವುದೂ ಇಲ್ಲ ಎಂಬುದರಲ್ಲಿ ಅವನಿಗೆ ಸಂದೇಹವೇ ಇರಲಿಲ್ಲ.

ಯಂತ್ರ ದೊಡ್ಡದೊಂದು ಉದ್ದಿನವಡೆಯ ಆಕಾರದಲ್ಲಿತ್ತು. ಅದರ ತೂತಿನೊಳಗೆ ಹಾಸಿಗೆ ಜಾರಿಹೋಯಿತು, ಉಸಿರು ಹಿಡಿಯಿರಿ ಎಂದು ಒಂದು ಧ್ವನಿ ಹೇಳಿತು, ಬಿಡಿ ಎಂದಿತು, ಅಷ್ಟೇ. ಸೂಜಿ ಇಲ್ಲ, ಔಷಧಿ ಇಲ್ಲ. ಬರುವಾಗ ಇಬ್ಬರೂ ದೋಸೆ ತಿಂದು ಬಂದರು.

ನಂಬರ್ ಬಂದ ದಿನ ಅವಳು ಆಫೀಸಿನಲ್ಲಿದ್ದಳು. ಅವಳದು ಸೊನ್ನೆ. ಒಂದು ಕ್ಷಣ ಅವಳಿಗೆ ಏನನ್ನಿಸಬೇಕೋ ತಿಳಿಯಲಿಲ್ಲ. ಸಮಾಧಾನ ಆಯಿತು, ಅದರ ಹಿಂದೆಯೇ ಹಾಗಾದರೆ ಇದೇನು ಎಂಬ ಪ್ರಶ್ನೆ ಬಂತು. ಅಷ್ಟರಲ್ಲಿ ಲಕ್ಷ್ಮೀಕಾಂತನ ಫೋನು.

“ವಸಂತಾ, ನಂದು ನಾನೂರ ಹನ್ನೆರಡು.” ಧ್ವನಿ ಸಣ್ಣಗಾಗಿತ್ತು. “ನಾನೂರು ದಾಟಿದ್ರೆ ತುಂಬಾ ಜಾಸ್ತಿಯಂತೆ. ಏನೋ ತಪ್ಪಾಗಿರ್ಬೇಕು. ಇಬ್ಬರದೂ ಅದಲುಬದಲಾಗಿರ್ಬೇಕು.”

ಅದಲುಬದಲಾಗಿರಲಿಲ್ಲ. ಅವನು ಆ ಸಂಜೆ ಮನೆಗೆ ಬಂದು ಸೋಫಾದ ತುದಿಯಲ್ಲಿ, ಬೇರೆಯವರ ಮನೆಗೆ ಬಂದವನ ಹಾಗೆ ಕುಳಿತ. ವಸಂತಲಕ್ಷ್ಮಿ ಪಕ್ಕದಲ್ಲಿ ಕುಳಿತು ಅವನ ಬೆನ್ನು ಸವರಿದಳು. ಮಗಳು ಶಾಲಿನಿಗೆ ಫೋನ್ ಮಾಡಿ ಹೇಳಿದಾಗ ಅವಳು ಅಪ್ಪನಿಗಾಗಿ ಅತ್ತಳು. ಅಮ್ಮನದು ಕೇಳಿ, “ಅಮ್ಮಾ, ಝೀರೋ ಈಸ್ ಅಮೇಝಿಂಗ್!” ಎಂದಳು.

ಅಲ್ಲಿಂದ ಮನೆಯಲ್ಲಿ ಒಂದೇ ಹೃದಯ ಉಳಿಯಿತು. ಫ್ಯಾಮಿಲಿ ಡಾಕ್ಟರು ಲಕ್ಷ್ಮೀಕಾಂತನನ್ನು ತಕ್ಷಣ ಹೃದಯ ತಜ್ಞರಲ್ಲಿಗೆ ಕಳಿಸಿದರು. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಶುರುವಾಯಿತು, ಇನ್ನೊಂದು ದೊಡ್ಡ ಪರೀಕ್ಷೆ ನಡೆದು ರಕ್ತ ಸರಿಯಾಗಿ ಹರಿಯುತ್ತಿದೆ, ಸದ್ಯಕ್ಕೆ ಏನೂ ಮಾಡಬೇಕಿಲ್ಲ, ಆದರೆ ಬದುಕುವ ರೀತಿ ಬದಲಾಗಬೇಕು ಎಂದು ತೀರ್ಮಾನವಾಯಿತು. ಬದಲಾಯಿತು. ಕೋಡುಬಳೆ ಡಬ್ಬಿ ಹೊರಟುಹೋಯಿತು. ಒಗ್ಗರಣೆಗೆ ಎಣ್ಣೆ ನಿಂತಿತು. ವಸಂತಲಕ್ಷ್ಮಿ ಓಟ್ಸ್ ಹಾಕಿ ಬಿಸಿಬೇಳೆಬಾತ್ ಮಾಡಿದಳು, ಅದನ್ನು ತಾನೂ ತಿಂದಳು. ಅವನನ್ನು ಅಪಾಯಿಂಟ್‌ಮೆಂಟುಗಳಿಗೆ ಕರೆದುಕೊಂಡು ಹೋಗಲು ಆಫೀಸಿಗೆ ರಜೆ ಹಾಕಿದಳು. ಅವನು ಮಣಿಕಟ್ಟಿಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿಕೊಂಡು ಮನೆಯೊಳಗೇ ಸುತ್ತು ಹಾಕುತ್ತಿದ್ದ.

ಅವಳ ಎದೆ ಹಿಂಡುವುದು ನಿಂತಿರಲಿಲ್ಲ. ಒಂದೆರಡು ಸಲ ಹೇಳಿ ನೋಡಿದಳು.

“ನಿಂದು ಸೊನ್ನೆ ಕಣೇ,” ಎನ್ನುತ್ತಿದ್ದ ಅವನು. ಅದರಲ್ಲಿ ತಿರಸ್ಕಾರ ಇರಲಿಲ್ಲ, ಆಸೆ ಇತ್ತು, ಸ್ವಲ್ಪ ಅಸೂಯೆ ಕೂಡ ಇತ್ತು. “ನಂಗೆ ಆ ಸೊನ್ನೆ ಬಂದಿದ್ರೆ ಕುಣೀತಿದ್ದೆ.”

ಫ್ಯಾಮಿಲಿ ಡಾಕ್ಟರೂ ಅದನ್ನೇ ಹೇಳಿದರು. ನೀವೇ ಹಟ ಹಿಡಿದು ಸ್ಕ್ಯಾನ್ ಮಾಡಿಸಿದಿರಿ, ಉತ್ತರ ಬಂತಲ್ಲ ಎಂದರು. ಯಾರೂ ಕೇಳುತ್ತಿಲ್ಲವೆಂದು ತಾನೇ ತಂದುಕೊಂಡ ಸಾಕ್ಷಿ ತನ್ನ ವಿರುದ್ಧವೇ ನಿಂತಿತ್ತು.

ಬೇಸಿಗೆಯಲ್ಲಿ ಕನ್ನಡ ಸಂಘದವರು ಬಾತೆಲ್‌ನ ಶಾಲೆಯೊಂದರ ಸಭಾಂಗಣದಲ್ಲಿ ಆರೋಗ್ಯದ ಕಾರ್ಯಕ್ರಮ ಇಟ್ಟುಕೊಂಡರು. ಲಕ್ಷ್ಮೀಕಾಂತನನ್ನು ಮಾತಾಡಲು ಕರೆದರು. ತೂಕ ಇಳಿಸಿಕೊಂಡು, ಹೊಸ ಜುಬ್ಬಾ ಹಾಕಿಕೊಂಡು ಅವನು ವೇದಿಕೆಗೆ ಹೋದ. ತನ್ನ ನಾನೂರ ಹನ್ನೆರಡರ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ, ಜನ ನಕ್ಕರು, ಒಂದಿಬ್ಬರು ಕಣ್ಣು ಒರೆಸಿಕೊಂಡರು. ಕೊನೆಗೆ, “ನಮ್ಮ ಮನೇಲಿ ನನ್ನ ಹೆಂಡತಿ ಝೀರೋ, ನಾನೇ ಹೀರೋ,” ಎಂದಾಗ ಚಪ್ಪಾಳೆ ಬಿತ್ತು.

ಕಾರು ನಿಲ್ಲಿಸುವ ಜಾಗದಿಂದ ಚಕ್ಲಿ ಡಬ್ಬಗಳನ್ನು ಎತ್ತಿಕೊಂಡು ಬಂದಿದ್ದ ವಸಂತಲಕ್ಷ್ಮಿ ಆಗ ಕೊನೆಯ ಸಾಲಿನಲ್ಲಿ ದವಡೆ ಒತ್ತಿ ಹಿಡಿದುಕೊಂಡು ಕುಳಿತಿದ್ದಳು. ಎಲ್ಲರೂ ತಿರುಗಿ ಅವಳ ಕಡೆ ನೋಡಿದರು. ಅವಳೂ ನಗಬೇಕಾಯಿತು.

ಅಲ್ಲಿಂದ ಅವಳು ದಾರಿಯಲ್ಲಿ ನಿಲ್ಲಬೇಕಾದಾಗೆಲ್ಲ ಏನಾದರೊಂದು ಸುಳ್ಳು ನೆಪ ಹೇಳತೊಡಗಿದಳು. ಆ ಸುಳ್ಳು ಸಿಕ್ಕಿಬಿದ್ದದ್ದು ಫ್ಲಾವಿಯಾಳ ಕೈಗೆ. ಅವಳು ಮಂಗಳೂರಿನವಳು, ವಸಂತಲಕ್ಷ್ಮಿಯ ಆಫೀಸಿದ್ದ ಕಟ್ಟಡದ ಇನ್ನೊಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು, ಒಂದೇ ಬಸ್ಸಿಗೆ ಹೋಗುತ್ತಿದ್ದಳು. ಸೆಪ್ಟೆಂಬರಿನ ಒಂದು ಸಂಜೆ ಇಬ್ಬರೂ ದಿಬ್ಬ ಹತ್ತುತ್ತಿದ್ದಾಗ ವಸಂತಲಕ್ಷ್ಮಿ ಬೇಲಿಯ ಕಂಬ ಹಿಡಿದು ನಿಂತಳು.

“ಎಂತ ವಸಂತಕ್ಕ, ಅಲ್ಲಿಯೇ ನಿಂತಿರಿ?”

“ಶೂ ಲೇಸ್ ಬಿಚ್ಚಿದೆ.”

ಫ್ಲಾವಿಯಾ ಬಗ್ಗಿ ನೋಡಿದಳು. “ನಿಮ್ಮ ಶೂವಿಗೆ ಲೇಸೇ ಇಲ್ಲ ಅಲ್ವಾ?”

ವಸಂತಲಕ್ಷ್ಮಿಗೆ ನಗು ಬಂತು. ಆದರೆ ನಗಲು ಉಸಿರಿರಲಿಲ್ಲ.

“ಮುಖ ಬೂದಿಯ ಹಾಗೆ ಆಗಿದೆ ನಿಮ್ಮದು. ಎಷ್ಟು ದಿನದಿಂದ ಉಂಟು ಇದು?”

“ಒಂದು ವರ್ಷ ಆಗ್ತಾ ಬಂತು. ಏನಿಲ್ಲ ಬಿಡು, ನಂಗೆ ಸೊನ್ನೆ ಬಂದಿದೆ.”

“ಆ ಸೊನ್ನೆಯನ್ನು ಅತ್ತ ಇಡಿ ಮಾರಾಯ್ತಿ. ಸೊನ್ನೆ ಇರುವವರು ಹೀಗೆ ಬೆವರುವುದಾ ಈ ಚಳಿಯಲ್ಲಿ?” ಫ್ಲಾವಿಯಾ ಅವಳ ಚೀಲ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. “ನಿಮ್ಮ ಗಂಡನ ಹಾರ್ಟ್ ಡಾಕ್ಟ್ರು ಇದ್ದಾರಲ್ಲ, ಅವರಿಗೇ ಹೇಳಿ. ನೀವು ಹೇಳದಿದ್ದರೆ ನಾನು ಬಂದು ಹೇಳ್ತೇನೆ.”

ಇಷ್ಟು ತಿಂಗಳಲ್ಲಿ ಮೊದಲ ಸಲ ಒಬ್ಬರು ಅವಳ ನಂಬರ್ ಬಿಟ್ಟು ಅವಳ ಮುಖ ನೋಡಿದ್ದರು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತು ಅವಳು ಅತ್ತಳು. ಫ್ಲಾವಿಯಾ ಎರಡು ಚೀಲಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು.

ಲಕ್ಷ್ಮೀಕಾಂತನ ಆರು ತಿಂಗಳ ತಪಾಸಣೆ ಆ ತಿಂಗಳ ಕೊನೆಗಿತ್ತು. ಈಗ ಅವನು ಲಿಫ್ಟ್ ಹತ್ತುತ್ತಿರಲಿಲ್ಲ. ಮೂರನೇ ಮಹಡಿಗೆ ಮೆಟ್ಟಿಲಲ್ಲೇ ಹೋದ. ಅವನ ಹಿಂದೆ ಅವಳು ಹೋಗುವಷ್ಟರಲ್ಲಿ ಎದೆ ಹಿಂಡುವುದು ಶುರುವಾಗಿತ್ತು. ಹೃದಯ ತಜ್ಞೆ ಡಾಕ್ಟರ್ ಹ್ಯಾನ್ಸನ್ ಎತ್ತರದ, ಚುಟುಕಾಗಿ ಮಾತಾಡುವ ಹೆಂಗಸು. ಲಕ್ಷ್ಮೀಕಾಂತನ ಹೊಸ ಕೊಲೆಸ್ಟ್ರಾಲ್ ನೋಡಿ ಮೆಚ್ಚಿ, ಅವನ ಎದೆಗೆ ಸ್ಟೆತಸ್ಕೋಪ್ ಇಡಲು ಎದ್ದರು.

“ಒಂದು ನಿಮಿಷ,” ಎಂದಳು ವಸಂತಲಕ್ಷ್ಮಿ. “ಇವತ್ತಿನ ಅಪಾಯಿಂಟ್‌ಮೆಂಟ್ ನನಗೆ ಬೇಕು. ಇವರದು ಮುಂದಿನ ಸಲ ನೋಡಿ.”

ಲಕ್ಷ್ಮೀಕಾಂತ ತಬ್ಬಿಬ್ಬಾದ. ನಕ್ಕು ಡಾಕ್ಟರಿಗೆ, ಅವಳಿಗೇನಿಲ್ಲ, ಅವಳ ಸ್ಕೋರು ಸೊನ್ನೆ ಎಂದು ವಿವರಿಸಲು ಹೊರಟ.

“ನೀವು ಸುಮ್ನಿರಿ ರೀ!” ಅವಳು ಕನ್ನಡದಲ್ಲೇ ಕಿರುಚಿದಳು. ಹೊರಗೆ ಹೋಗುತ್ತಿದ್ದ ನರ್ಸ್ ನಿಂತು ನೋಡಿದಳು. “ಇನ್ನೊಂದು ಸಲ ಸೊನ್ನೆ ಅಂದ್ರೆ ನಾನು ಮನೆಗೆ ಬರಲ್ಲ.”

ಡಾಕ್ಟರ್ ಹ್ಯಾನ್ಸನ್‌ಗೆ ಭಾಷೆ ಬರದಿದ್ದರೂ ವಿಷಯ ತಿಳಿಯಿತು. ಸ್ಟೆತಸ್ಕೋಪನ್ನು ಕುತ್ತಿಗೆಗೆ ಹಾಕಿಕೊಂಡು ಸ್ಟೂಲನ್ನು ಅವಳ ಕಡೆ ಎಳೆದುಕೊಂಡರು. ನೋವೇ ಎಂದು ಕೇಳಲಿಲ್ಲ. ಏನು ಮಾಡಿದರೆ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ ಎಂದು ಕೇಳಿದರು. ಅವಳು ಹೇಳಿದಳು. ಹಿಂಡುವುದು, ದವಡೆ, ಗಾಳಿ, ದಿಬ್ಬ, ಡ್ರಾಯಿಂಗ್ ಮೇಷ್ಟ್ರು ಅಪ್ಪ, ಎಲ್ಲ ಹೇಳಿದಳು.

“ಆ ಸ್ಕ್ಯಾನ್‌ಗೆ ಕಾಣುವುದು ಗಟ್ಟಿಯಾಗಿ ಸುಣ್ಣ ಕಟ್ಟಿದ ಜಿಡ್ಡು ಮಾತ್ರ,” ಎಂದರು ಡಾಕ್ಟರು. “ರಕ್ತನಾಳದಲ್ಲಿ ಬೆಣ್ಣೆಯ ಹಾಗೆ ಮೆತ್ತಗಿರುವ ಜಿಡ್ಡು ಅದಕ್ಕೆ ಕಾಣುವುದಿಲ್ಲ. ನಿಮ್ಮ ಗಂಡನಂತೆ ಏನೂ ತೊಂದರೆ ಇಲ್ಲದವರಿಗೆ ಮುಂದೇನಾಗಬಹುದು ಎಂದು ಅಂದಾಜು ಮಾಡಲು ಅದು ಒಳ್ಳೆಯದು. ಸೊನ್ನೆ ಬಂದವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೂ ಏನೂ ಇರುವುದಿಲ್ಲ. ಆದರೆ ನಿಮಗೆ ತೊಂದರೆ ಈಗಲೇ ಇದೆ. ನಿಮಗೆ ಬೇಕಾದ್ದು ಬೇರೆ ಚಿತ್ರ.”

ಲಕ್ಷ್ಮೀಕಾಂತನ ಮುಖ ಇಳಿಯಿತು. ಅವನು ತನ್ನ ಮಣಿಕಟ್ಟಿನ ಪಟ್ಟಿಯನ್ನು ತಿರುಗಿಸುತ್ತಾ ಕುಳಿತ.

ಬೇರೆ ಚಿತ್ರ ಎಂದರೆ, ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಅದೇ ಥರದ ಯಂತ್ರದಲ್ಲಿ ತೆಗೆಯುವ ಸಿ.ಟಿ. ಆಂಜಿಯೋಗ್ರಾಮ್. ನಾಳದ ಒಳಗಿನ ದಾರಿಯೇ ಅದರಲ್ಲಿ ಕಾಣುತ್ತದೆ. ಅದಕ್ಕೆ ಅವಳು ಮೊದಲು ಅವರ ರೋಗಿಯಾಗಬೇಕಿತ್ತು, ಫ್ಯಾಮಿಲಿ ಡಾಕ್ಟರು ಚೀಟಿ ಕಳಿಸಬೇಕಿತ್ತು, ಇನ್ಶೂರೆನ್ಸ್ ಒಪ್ಪಬೇಕಿತ್ತು. ಅಲ್ಲಿಯವರೆಗೆ ಕೆಲವು ಮಾತ್ರೆಗಳನ್ನು ಶುರು ಮಾಡಿ, ದಿಬ್ಬ ಹತ್ತಬೇಡಿ, ಹಿಂಡಿದರೆ ನಾಲಿಗೆಯಡಿ ಇದರ ಒಂದು ಮಾತ್ರೆ ಇಟ್ಟುಕೊಳ್ಳಿ, ಎರಡನೇ ಮಾತ್ರೆಗೂ ಹೋಗದಿದ್ದರೆ ಆಂಬ್ಯುಲೆನ್ಸ್ ಕರೆಯಿರಿ ಎಂದು ಪುಟ್ಟ ಸೀಸೆಯೊಂದನ್ನು ಬರೆದುಕೊಟ್ಟರು.

ಅದನ್ನು ಬಳಸಿದ್ದು ಮರುವಾರ, ಮನೆಯ ಹತ್ತಿರದ ಸಮತಟ್ಟಾದ ರಸ್ತೆಯಲ್ಲಿ, ತರಕಾರಿ ತರುವಾಗ. ಸಾಸಿವೆಗಿಂತ ಸ್ವಲ್ಪ ದೊಡ್ಡ ಮಾತ್ರೆ. ನಾಲಿಗೆಯಡಿ ಕರಗುತ್ತಿದ್ದಂತೆ ತಲೆ ಧಿಮ್ಮೆಂದಿತು, ಎದೆಯೊಳಗೆ ಯಾರೋ ಹಿಡಿದಿದ್ದ ಮುಷ್ಟಿ ಬಿಟ್ಟ ಹಾಗಾಯಿತು. ಆತಂಕವಲ್ಲ, ಹುಳಿತೇಗಲ್ಲ. ತರಕಾರಿ ಚೀಲವನ್ನು ಕಾಲಬಳಿ ಇಟ್ಟುಕೊಂಡು ಅವಳು ರಸ್ತೆ ಬದಿಯಲ್ಲಿ ನಿಂತಳು. ನೆಮ್ಮದಿ ಆಗಬೇಕಿತ್ತು. ಮೈಯೆಲ್ಲ ಸಿಟ್ಟು ಹರಿಯಿತು.

ಇನ್ಶೂರೆನ್ಸ್ ಕಂಪನಿ ಆಂಜಿಯೋಗ್ರಾಮ್ ಬೇಡವೆಂದಿತು. ಆಫೀಸಿನ ಚಿಕ್ಕ ಫೋನ್ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಕಾರಣ ಕೇಳಿದಳು. ಆ ಕಡೆಯ ಹುಡುಗಿ ಬಲು ವಿನಯದಿಂದ ಓದಿ ಹೇಳಿದಳು. ರೋಗಿಯ ಅಪಾಯ ಕಡಿಮೆ. ರೋಗಿ ಎದೆನೋವನ್ನು ನಿರಾಕರಿಸಿದ್ದಾರೆ.

“ಮತ್ತೆ, ನಿಮ್ಮ ಕ್ಯಾಲ್ಸಿಯಂ ಸ್ಕೋರ್ ಸೊನ್ನೆ ಇದೆ ಮೇಡಂ. ಅಭಿನಂದನೆಗಳು.”

ವಸಂತಲಕ್ಷ್ಮಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಗೋಡೆಗೆ ಹಣೆ ಒತ್ತಿ ನಿಂತಳು. ಆಮೇಲೆ ಎತ್ತಿಕೊಂಡು, ಮೇಲಿನವರನ್ನು ಕೊಡಿ ಎಂದಳು. ಮೇಲಿನವರು ಅದನ್ನೇ ಓದಿದರು. ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಆಗಲಿ ಎಂದರು. ಆಯಿತು. ಓಡುವ ಪಟ್ಟಿಯ ಮೇಲೆ ಅವಳು ಹಲ್ಲು ಕಚ್ಚಿ ನಡೆದಳು, ಇಸಿಜಿಯ ಗೆರೆಗಳು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವ ಹಾಗೆ ಬಂದವು. ಹೆಂಗಸರಲ್ಲಿ ಈ ಪರೀಕ್ಷೆ ಹೀಗೆ ಆಗುವುದು ಹೆಚ್ಚು ಎಂದರು ಡಾಕ್ಟರ್ ಹ್ಯಾನ್ಸನ್.

“ಹೆಂಗಸರಲ್ಲಿ ಸರಿಯಾಗಿ ಬರೋ ಪರೀಕ್ಷೆ ಯಾವುದು ಅಂತ ಒಂದು ಹೇಳಿಬಿಡಿ, ಅದನ್ನೇ ಮಾಡಿಸ್ತೀನಿ,” ಎಂದಳು ಅವಳು.

ಡಾಕ್ಟರು ಅವಳ ಎದುರಿಗೇ ಫೋನ್ ಎತ್ತಿ ಇನ್ಶೂರೆನ್ಸ್ ಕಂಪನಿಯ ಡಾಕ್ಟರ ಜೊತೆ ಮಾತಾಡಬೇಕೆಂದರು. ತುಂಬ ಹೊತ್ತು ಕಾಯಿಸಿದ ಮೇಲೆ ಆತ ಸಿಕ್ಕ. ಇವರು ಒಂದೊಂದೇ ಮಾತನ್ನು ಮೊಳೆ ಹೊಡೆದ ಹಾಗೆ ಹೇಳಿದರು. ಆತ ಒಪ್ಪಿದ.

ಎರಡನೇ ಸ್ಕ್ಯಾನಿಗೆ ಅವಳು ಒಬ್ಬಳೇ ಒಳಗೆ ಹೋದಳು. ಎದೆಬಡಿತ ನಿಧಾನವಾಗಲೆಂದು ಮಾತ್ರೆ ಕೊಟ್ಟರು, ಕೈಗೆ ಸೂಜಿ ಚುಚ್ಚಿದರು. ಬಣ್ಣದ ಔಷಧಿ ಹರಿದಾಗ ಗಂಟಲಿನಿಂದ ಹೊಟ್ಟೆಯವರೆಗೆ ಬಿಸಿನೀರು ಸುರಿದ ಹಾಗಾಯಿತು. ಲಕ್ಷ್ಮೀಕಾಂತ ಹೊರಗೆ ಕಾಯುತ್ತಿದ್ದ. ಮಣಿಕಟ್ಟಿನ ಪಟ್ಟಿಯನ್ನು ಅವನು ಅಂದು ಕಟ್ಟಿರಲಿಲ್ಲ.

ಮಧ್ಯಾಹ್ನವೇ ಡಾಕ್ಟರ್ ಹ್ಯಾನ್ಸನ್ ಖುದ್ದಾಗಿ ಫೋನ್ ಮಾಡಿದರು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ಮೆತ್ತನೆಯ ಜಿಡ್ಡು ತುಂಬಿ, ದಾರಿ ಬಹುಮಟ್ಟಿಗೆ ಮುಚ್ಚಿದೆ. ಸುಣ್ಣದ ಒಂದು ಚುಕ್ಕೆಯೂ ಇಲ್ಲ. ಮನೆಯಲ್ಲಿ ಇರಬೇಡಿ, ಈಗಲೇ ಆಸ್ಪತ್ರೆಗೆ ಬನ್ನಿ, ನಾಳೆ ಬೆಳಿಗ್ಗೆ ಸ್ಟೆಂಟ್ ಹಾಕೋಣ.

ಸ್ಪೀಕರಿನಲ್ಲಿ ಕೇಳುತ್ತಿದ್ದ ಲಕ್ಷ್ಮೀಕಾಂತ ಅಡುಗೆಮನೆಯ ಕಟ್ಟೆ ಹಿಡಿದುಕೊಂಡ. “ಮೆಟ್ಲು ಹತ್ತಿಸಿದೆನಲ್ಲೇ ನಿನ್ನ,” ಎಂದ. “ಎಲ್ಲರ ಮುಂದೆ ತಮಾಷೆ ಮಾಡಿದೆ. ನೀನು ಹೇಳ್ತಾನೇ ಇದ್ದೆ. ನಾನು ನನ್ನ ನಂಬರೇ ನೋಡ್ತಾ ಕೂತಿದ್ದೆ.”

“ಹೂಂ,” ಎಂದಳು ಅವಳು. ಸಮಾಧಾನ ಮಾಡಬೇಕೆನಿಸಿತು, ಮಾಡಲಿಲ್ಲ. “ಬಟ್ಟೆ ಚೀಲ ತಗೊಳ್ಳಿ. ಹೊರಡೋಣ.”

ಸ್ಟೆಂಟ್ ಹಾಕುವುದು ಸುಲಭವಾಗಿಯೇ ಮುಗಿಯಿತು, ಮಣಿಕಟ್ಟಿನ ಮೂಲಕ. ಬೆಲ್ಲಿಂಗ್‌ಹ್ಯಾಮಿನಿಂದ ಓಡಿಬಂದ ಶಾಲಿನಿ ಹಾಸಿಗೆಯ ಪಕ್ಕ ಕೂತು, “ಐ ಆಮ್ ಸೋ ಸಾರಿ ಅಮ್ಮಾ,” ಎಂದಳು. ಫ್ಲಾವಿಯಾ ಗಂಜಿ ಮತ್ತು ಹೆಸರುಕಾಳಿನ ಪಲ್ಯ ತಂದಳು, ಅದಕ್ಕೆ ತೆಂಗಿನಕಾಯಿ ಹಾಕಿರಲಿಲ್ಲವೆಂದು ತಾನೇ ಬೇಸರಪಟ್ಟಳು. ನವೆಂಬರಿನ ಕೊನೆಗೆ ವಸಂತಲಕ್ಷ್ಮಿ ಫ್ರೀಮಾಂಟ್‌ನ ದಿಬ್ಬವನ್ನು ನಿಲ್ಲದೆ ಹತ್ತಿದಳು.

ಆದರೆ ಅವಳ ಸಿಟ್ಟು ಇಳಿಯಲಿಲ್ಲ. ಒಂದು ದಿನ ಫ್ಯಾಮಿಲಿ ಡಾಕ್ಟರಲ್ಲಿಗೆ ಹೋದಳು. ಆತ ಎದ್ದು ನಿಂತು ಕೈಕುಲುಕಿದರು. ನಿಮ್ಮ ಸುದ್ದಿ ಕೇಳಿ ನಿದ್ದೆ ಬರಲಿಲ್ಲ ಎಂದರು. ಅದು ನಿಜವೆಂದು ಅವಳಿಗೆ ಅನ್ನಿಸಿತು. ಆಮೇಲೆ ಅವರು ವಿವರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ನಿಯಮದ ಪ್ರಕಾರವೇ ಮಾಡಿದೆ, ನಿಮ್ಮದು ಮಾಮೂಲಿ ಲಕ್ಷಣವಲ್ಲ, ಅಪರೂಪದ್ದು.

“ಯಾರಿಗೆ ಮಾಮೂಲಿ?” ಎಂದಳು. “ನನ್ನ ಥರದ ಹೆಂಗಸರು, ನಮ್ಮ ದೇಶದ ಕಡೆಯೋರು ಎಷ್ಟು ಕೋಟಿ ಇದೀವಿ ಗೊತ್ತಾ? ನಾವೆಲ್ಲ ‘ಇತರರು’. ನಾವು ಹೇಳಿದ್ದು ಅಪರೂಪದ್ದು.”

ಡಾಕ್ಟರು ಮುಂದೆ ಜಾಗ್ರತೆಯಿಂದ ಇರುತ್ತೇನೆ ಎಂದರು. ಆತ ತಪ್ಪು ಮಾಡಿದ್ದರೆ ಜಗಳವಾಡಬಹುದಿತ್ತು, ಕ್ಷಮಿಸಬಹುದಿತ್ತು. ಎಲ್ಲರೂ ಸರಿಯಾಗಿಯೇ ಇದ್ದು ಅವಳು ಸಾಯುವುದರಲ್ಲಿದ್ದಳು. ಆ ಸಿಟ್ಟನ್ನು ಯಾರ ಮೇಲೆ ಇಡುವುದು ಎಂದು ತಿಳಿಯದೆ ಅವಳು ಬಸ್ಸಿಗೆ ಕಾಯದೆ ಮನೆಯವರೆಗೂ ನಡೆದೇ ಬಂದಳು.

ಮೈಸೂರಿನಲ್ಲಿ ಅವಳಿಗೆ ಒಬ್ಬ ತಂಗಿ, ಗೌರಾದೇವಿ, ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಹೊಸ ವರ್ಷದ ಮೊದಲ ಭಾನುವಾರ ಬೆಳಿಗ್ಗೆ ವಸಂತಲಕ್ಷ್ಮಿ ಫೋನ್ ಮಾಡಿದಳು. ಅಲ್ಲಿ ಆಗ ರಾತ್ರಿ ಊಟದ ಹೊತ್ತು.

“ಹೃದಯದ ಡಾಕ್ಟ್ರ ಹತ್ರ ಹೋದ್ಯಾ?”

“ಹೋಗ್ತೀನಿ ಅಕ್ಕ. ಮನೆಗೆ ಬಣ್ಣ ಹೊಡೆಸ್ತಿದೀವಿ, ಅದು ಮುಗೀಲಿ.”

“ಹೋದ ತಿಂಗಳು ಅಡುಗೆಯವಳು ಬಂದಿಲ್ಲ ಅಂದೆ. ಅದಕ್ಕೂ ಮೊದಲು ಮದುವೆ ಅಂದೆ.”

“ನೀನು ಅಲ್ಲಿ ಕೂತ್ಕೊಂಡು ಹೆದರಿಸ್ಬೇಡ. ನಾನು ಚೆನ್ನಾಗಿದೀನಿ,” ಎಂದು ತಂಗಿ ಫೋನ್ ಇಟ್ಟಳು.

ವಸಂತಲಕ್ಷ್ಮಿ ತಂಗಿಯ ಗಂಡನ ನಂಬರಿಗೆ ಮಾಡಿದಳು.

“ಊಟಕ್ಕೆ ಕೂತಿದೀವಿ ಅತ್ತಿಗೆ. ಆಮೇಲೆ ಮಾಡ್ಲಾ?”

“ಬೇಡ, ಊಟ ಮಾಡಿ. ನಾನು ಕಾಯ್ತೀನಿ. ಫೋನ್ ಇಡ್ಬೇಡಿ.”

ಆತ ಪಾಪ, ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟ. ಶೋರ್‌ಲೈನ್‌ನ ಅಡುಗೆಮನೆಯಲ್ಲಿ ಕುಳಿತು ಅವಳು ಮೈಸೂರಿನ ಲೋಟದ ಸದ್ದು, ತಂಗಿ ಗಂಡನನ್ನು ಬೈಯುವ ಸದ್ದು, ಮಜ್ಜಿಗೆ ಬಡಿಸುವ ಸದ್ದು ಎಲ್ಲ ಕೇಳಿದಳು. ಲಕ್ಷ್ಮೀಕಾಂತ ಸದ್ದಿಲ್ಲದೆ ಬಂದು ಅವಳ ಮುಂದೆ ಕಾಫಿ ಇಟ್ಟು ಹೋದ. ಊಟ ಮುಗಿದ ಮೇಲೆ ತಂಗಿಯೇ ಫೋನ್ ಎತ್ತಿಕೊಂಡು, “ಗುರುವಾರ ಹೋಗ್ತೀವಿ, ಇಬ್ಬರೂ ಹೋಗ್ತೀವಿ, ಈಗಲಾದ್ರೂ ಇಡು ಮಹಾರಾಯ್ತಿ,” ಎಂದಳು.

“ಯಾವ ಡಾಕ್ಟ್ರು? ಹೆಸರು ಹೇಳು,” ಎಂದಳು ವಸಂತಲಕ್ಷ್ಮಿ.